ವಯೋಲಾಳ ಗಂಡುವೇಷ

ಹೆಣ್ಣು ಗಂಡುವೇಷ ತೊಟ್ಟ ಕಥೆಯನ್ನು ಕಂಡು ನಗುವುದು ಸುಲಭ. ಅದರ ಬೆಲೆ ಕಟ್ಟುವುದು ಅಷ್ಟು ಸುಲಭವಲ್ಲ. ಷೇಕ್ಸ್‌ಪಿಯರನ ‘ಟ್ವೆಲ್ಫ್ತ್ ನೈಟ್’ ನಾಟಕವನ್ನು ವಾಚಕರಲ್ಲಿ ಅನೇಕರು ಬಲ್ಲಿರಿ. ಹಡಗು ಒಡೆದು, ಅವಳಿ ಸೋದರನನ್ನು ಕಳೆದುಕೊಂಡು, ಇಲಿರಿಯಾ ಎಂಬ ಪರನಾಡಿನ ದಡ ಸೇರಿದ ವಯೋಲಾ ಗಂಡುಡುಗೆ ತೊಟ್ಟು ಅಲ್ಲಿನ ಡ್ಯೂಕನ ಊಳಿಗಕ್ಕೆ ನಿಲ್ಲುತ್ತಾಳೆ.

ಈ ನಾಟಕದ ಪ್ರಯೋಗವನ್ನು ಕುರಿತು ನಮಗೆ ದೊರೆತಿರುವ ಮೊದಲ ಮಾತು ಜಾನ್ ಮ್ಯಾನಿಂಗ್‌ಹ್ಯಾಮ್ ಎಂಬ ಕಾನೂನು ವಿದ್ಯಾರ್ಥಿಯ ದಿನಚರಿಯದು. 1602ರ ಫೆಬ್ರವರಿ 2ರಂದು ಲಂಡನ್ನಿನ ಮಿಡ್ಲ್ ಟೆಂಪಲ್ ಸಭಾಂಗಣದಲ್ಲಿ ಆತ ಇದನ್ನು ನೋಡಿದ. ಪ್ಲಾಟಸನ ಹಳೆಯ ಲ್ಯಾಟಿನ್ ನಾಟಕವೊಂದನ್ನೂ ಇಟಲಿಯದೊಂದನ್ನೂ ಇದು ಹೋಲುತ್ತದೆಂದು ಬರೆದುಕೊಂಡ. ಜಂಬಗಾರ ಮಾಲ್ವೋಲಿಯೋನನ್ನು ಸುಳ್ಳು ಓಲೆಯಿಂದ ಬೇಸ್ತು ಬೀಳಿಸಿದ ಹಂಚಿಕೆಯನ್ನು ಮೆಚ್ಚಿದ. ವಯೋಲಾಳ ಹೆಸರನ್ನೇ ಎತ್ತಲಿಲ್ಲ! ಆ ಕಾಲದಲ್ಲಿ ಸ್ತ್ರೀಪಾತ್ರಗಳನ್ನು ಹುಡುಗರೇ ವಹಿಸುತ್ತಿದ್ದರಷ್ಟೆ. ಹೆಣ್ಣಾದ ಹುಡುಗ ಮತ್ತೆ ಗಂಡುವೇಷ ತೊಟ್ಟರೆ ಆ ಸಭೆಗೆ ಅದೇನು ಸೋಜಿಗ? ನಮ್ಮ ಕಂಪನಿ ನಾಟಕಗಳ ಸ್ತ್ರೀಪಾತ್ರಧಾರಿಗಳ ವಿಷಯವನ್ನು ಹಿರಿಯರಿಂದ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಸ್ಯಾಮ್ಯುಯಲ್ ಪೀಪ್ಸ್ ಎಂಬ ಅಧಿಕಾರಿ 1661ರಿಂದ 1669ರೊಳಗೆ ಮೂರು ಸಲ ನೋಡಿ, ಮೂರು ಸಲವೂ ಮೂಗು ಮುರಿದ. ಮೆಚ್ಚದ ನಾಟಕಕ್ಕೆ ಮೂರು ಬಾರಿ ಹೋದವನ ರಸಿಕತೆಯನ್ನು ಏನೆನ್ನೋಣ!

2006ರ ಮಾರ್ಚ್ ತಿಂಗಳಲ್ಲಿ ಇದೇ ಕಥೆ ಅಮೆರಿಕದಲ್ಲಿ ‘ಷೀಸ್ ದ ಮ್ಯಾನ್’ ಎಂಬ ಚಲಚ್ಚಿತ್ರವಾಗಿ ತೆರೆಗೆ ಬಂತು. ನಿರ್ದೇಶಕ ಆಂಡಿ ಫಿಕ್‌ಮನ್. ಇಲ್ಲಿ ಇಲಿರಿಯಾ ಒಂದು ವಸತಿಶಾಲೆ. ಡ್ಯೂಕ್ ಎಂಬುದು ಪದವಿಯಲ್ಲ, ಸಹಪಾಠಿಯೊಬ್ಬನ ಹೆಸರು. ಶಾಲೆಯವರು ಹುಡುಗಿಯರ ಫುಟ್‌ಬಾಲ್ ತಂಡವನ್ನು ರದ್ದುಪಡಿಸುತ್ತಾರೆ. ಹುಡುಗರ ತಂಡಕ್ಕಾದರೂ ಸೇರಿಸಿಕೊಳ್ಳಿರೆಂದರೆ ಅದಕ್ಕೂ ಒಪ್ಪುವುದಿಲ್ಲ. ಆಗ ವಯೋಲಾ, ಸೋದರನ ಹೆಸರಿನಲ್ಲಿ, ಅವನ ವೇಷದಲ್ಲಿ, ಇಲಿರಿಯಾಕ್ಕೆ ಹೋಗಿ ಆಡುತ್ತಾಳೆ.

ವಿಮರ್ಶಕರಲ್ಲಿ ಒಪ್ಪದವರೇ ತುಸು ಹೆಚ್ಚು. ಈ ಹುಡುಗಿಯನ್ನು ಹುಡುಗನೆಂದು ಯಾರು ನಂಬಿಯಾರು ಎಂದು ಆಕ್ಷೇಪಿಸಿದವರುಂಟು. ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕಕ್ಕೆ ಮೂರು ನಕ್ಷತ್ರಗಳನ್ನು ಕೊಟ್ಟರು. ಪಾತ್ರ ಅಸಂಭವವಾದರೂ ನಟಿ ಅಮಾಂಡಾ ಬೈನ್ಸ್ ಮನಸ್ಸಿಗೆ ಹಿಡಿಸುತ್ತಾಳೆಂಬುದು ಅವರ ಭಾವ. ನನ್ನ ಮಟ್ಟಿಗೆ ಅವರೇ ಔಚಿತ್ಯವನ್ನರಿತವರು. ನಾಟಕದ ಮಾರುವೇಷ ನಂಬಿಸುವುದಕ್ಕಿಂತ ಮಿಗಿಲಾಗಿ ಒಪ್ಪಿಸಬೇಕು. ವೇಷ ಹೊಂದಿತೇ ಎಂದು ಅಳೆದವರು, ಆಕೆಗೆ ವೇಷವೇಕೆ ಬೇಕಾಯಿತೆಂದು ಕೇಳಲಿಲ್ಲವೆಂಬುದೇ ನನ್ನ ತಕರಾರು.

ಫುಟ್‌ಬಾಲ್ ಇಲ್ಲಿ ಕೇವಲ ಕಥೆಯ ನೆಪವಲ್ಲ. ಷೇಕ್ಸ್‌ಪಿಯರನ ನಾಡಿನಲ್ಲೇ, 1920ರ ಡಿಸೆಂಬರಿನಲ್ಲಿ, ಲಿವರ್‌ಪೂಲಿನ ಮೈದಾನವೊಂದರಲ್ಲಿ ಹೆಂಗಸರ ಪಂದ್ಯ ನೋಡಲು ಸುಮಾರು 53,000 ಜನ ನೆರೆದಿದ್ದರು. ಮರುವರ್ಷ ಇಂಗ್ಲೆಂಡಿನ ಫುಟ್‌ಬಾಲ್ ಸಂಘವು ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಸಾರಿ, ತನ್ನ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ನಿಷೇಧ ಐವತ್ತು ವರ್ಷ ನಡೆಯಿತು. ಅಮೆರಿಕದಲ್ಲಿ ಸರ್ಕಾರದ ಹಣ ಪಡೆಯುವ ಶಾಲೆಗಳು ಹೆಣ್ಣುಗಂಡೆಂಬ ಭೇದವೆಣಿಸಕೂಡದೆಂಬ ಕಾನೂನು ಬಂದದ್ದು 1972ರಲ್ಲಿ.

ಚಿತ್ರಕ್ಕೆ ಖರ್ಚಾದದ್ದು ಸುಮಾರು 2 ಕೋಟಿ ಡಾಲರ್. ಬಂದದ್ದು ಅದರ ಎರಡರಷ್ಟಕ್ಕಿಂತ ಹೆಚ್ಚು. ನೋಡಿದ ಮಕ್ಕಳು ದೊಡ್ಡವರಾದ ಮೇಲೂ ಅದನ್ನು ಮರೆಯಲಿಲ್ಲ. ಆದರೆ ವೇಷ ತೊಟ್ಟವಳ ಮಾತು ಕೇಳಿಬಂದದ್ದು 2018ರಲ್ಲಿ, ಒಂದು ಪತ್ರಿಕಾ ಸಂದರ್ಶನದಲ್ಲಿ: ತೆರೆಯ ಮೇಲೆ ಗಂಡಾಗಿ ತೋರಿದ ತನ್ನ ರೂಪವನ್ನು ಕಂಡು ಸಹಿಸಲಾರದೆ, ಬೈನ್ಸ್ ತಿಂಗಳುಗಟ್ಟಲೆ ಖಿನ್ನತೆಯಲ್ಲಿ ಮುಳುಗಿದ್ದರಂತೆ.