ದಂಧೆಯಿಂದ ಹೊರಬಂದ ಮೇಲೆ ಮುಂದೇನು? ಸಂತ್ರಸ್ತೆಯರ ಪುನರ್ವಸತಿಗೆ ಕಾನೂನಿನಲ್ಲಿ ಏನಿದೆ?

ದೆಹಲಿಯ ಹೌಜ್ ಖಾಸ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಹತ್ತಿ ನವದೆಹಲಿ ನಿಲ್ದಾಣದಲ್ಲಿ ಇಳಿದರೆ, ಅಜ್ಮೇರಿ ಗೇಟ್ ಸಮೀಪವೇ ಜಿ.ಬಿ. ರಸ್ತೆ. ಕೆಳಗೆ ಯಂತ್ರೋಪಕರಣಗಳ ಅಂಗಡಿ, ಮೇಲಿನ ಮಹಡಿಗಳಲ್ಲಿ ಕೋಠಾ. ದಾಖಲೆಗಳಲ್ಲಿ ಇದು ಸ್ವಾಮಿ ಶ್ರದ್ಧಾನಂದ ಮಾರ್ಗ. ಇಲ್ಲಿ ಪೊಲೀಸ್ ದಾಳಿ ನಡೆದರೆ ಸುದ್ದಿಯಾಗುತ್ತದೆ. ರಕ್ಷಿಸಲ್ಪಟ್ಟ ಯುವತಿಯರು ಆಮೇಲೆ ಎಲ್ಲಿಗೆ ಹೋದರು ಎಂಬುದು ಸುದ್ದಿಯಾಗುವುದು ಕಡಿಮೆ.

ದಾಳಿಯ ನಂತರ

ಅಪ್ರಾಪ್ತೆಯಾಗಿದ್ದರೆ ಆಕೆಯನ್ನು ಬಾಲ ನ್ಯಾಯ ಕಾಯ್ದೆಯಂತೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ವಯಸ್ಕರ ವಿಷಯದಲ್ಲಿ 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಸುತ್ತಾರೆ. ಅಗತ್ಯವೆನಿಸಿದರೆ 1ರಿಂದ 3 ವರ್ಷ ರಕ್ಷಣಾ ಗೃಹದಲ್ಲಿ ಇರಿಸಲು ಆದೇಶಿಸಬಹುದು. ಹೆತ್ತವರಿಗೆ ಒಪ್ಪಿಸುವ ಮುನ್ನ ಆ ಮನೆ ಆಕೆಗೆ ಸುರಕ್ಷಿತವೇ ಎಂದು ಪರಿಶೀಲಿಸಬೇಕು ಎನ್ನುತ್ತದೆ ಸೆಕ್ಷನ್ 17ಎ. ಇದು ಬರೀ ಔಪಚಾರಿಕತೆ ಅಲ್ಲ. ಕೆಲಸ ಕೊಡಿಸುವುದಾಗಿ ಕರೆದೊಯ್ದು ಮಾರಿದವರು ಅನೇಕ ಪ್ರಕರಣಗಳಲ್ಲಿ ನೆಂಟರೋ, ಊರಿನವರೋ ಆಗಿರುತ್ತಾರೆ.

ಆದರೆ ರಕ್ಷಣಾ ಗೃಹವೇ ಜೈಲಿನಂತಾದರೆ? ಈ ಪ್ರಶ್ನೆ ಸುಪ್ರೀಂ ಕೋರ್ಟ್ ಮುಂದೆಯೂ ಬಂತು. 1999ರಲ್ಲಿ ಕೋಲ್ಕತ್ತದಲ್ಲಿ ನಡೆದ ಲೈಂಗಿಕ ಕಾರ್ಯಕರ್ತೆಯೊಬ್ಬರ ಕೊಲೆ ಪ್ರಕರಣದಲ್ಲಿ 2011ರಲ್ಲಿ ಶಿಕ್ಷೆ ಎತ್ತಿಹಿಡಿದ ಕೋರ್ಟ್, ಅದನ್ನೇ ಪುನರ್ವಸತಿಯ ಪ್ರಕರಣವಾಗಿ ಮುಂದುವರಿಸಿ ಸಮಿತಿ ರಚಿಸಿತು. ಇಷ್ಟವಿಲ್ಲದೆ ಗೃಹಗಳಲ್ಲಿರುವ ವಯಸ್ಕ ಮಹಿಳೆಯರ ಪ್ರಕರಣಗಳನ್ನು ಪರಿಶೀಲಿಸಿ, ಕಾಲಮಿತಿಯಲ್ಲಿ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕು ಎಂದು 2022ರ ಮೇ 19ರಂದು ನಿರ್ದೇಶಿಸಿತು.

ಅದೇ ಆದೇಶದ ಇನ್ನೊಂದು ಭಾಗ ಅಷ್ಟಾಗಿ ಚರ್ಚೆಯಾಗಲಿಲ್ಲ. ಅದು ಆಧಾರ್ ಕುರಿತದ್ದು. ವಿಳಾಸದ ದಾಖಲೆ ಇಲ್ಲದ ಲೈಂಗಿಕ ಕಾರ್ಯಕರ್ತೆಯರಿಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಗೆಜೆಟೆಡ್ ಅಧಿಕಾರಿ ಅಥವಾ ರಾಜ್ಯ ಏಡ್ಸ್ ನಿಯಂತ್ರಣ ಸೊಸೈಟಿಯ ಯೋಜನಾ ನಿರ್ದೇಶಕರ ಪ್ರಮಾಣಪತ್ರ ಆಧರಿಸಿ ಆಧಾರ್ ನೀಡಬೇಕು. ಅವರ ವೃತ್ತಿ ತಿಳಿಯುವಂಥ ಯಾವುದೇ ಗುರುತು ಇರಬಾರದು. ಗುರುತಿನ ಚೀಟಿ ಇಲ್ಲದಿದ್ದರೆ ಬ್ಯಾಂಕ್ ಖಾತೆಯಿಲ್ಲ, ಪಡಿತರವಿಲ್ಲ, ಬಾಡಿಗೆ ಮನೆ ಸಿಗುವುದೂ ಕಷ್ಟ.

ಮನೆ, ದುಡಿಮೆ

ಕೇಂದ್ರ ಸರ್ಕಾರ 2007ರಲ್ಲಿ ಆರಂಭಿಸಿದ್ದ 'ಉಜ್ಜ್ವಲಾ' ಯೋಜನೆ ಈಗ 'ಮಿಷನ್ ಶಕ್ತಿ'ಯ 'ಶಕ್ತಿ ಸದನ'ದಲ್ಲಿ ಸೇರಿದೆ. ವಸತಿ, ಆಪ್ತ ಸಮಾಲೋಚನೆ, ಕಾನೂನು ನೆರವು, ವೃತ್ತಿ ತರಬೇತಿ ಇದರಲ್ಲಿವೆ. ತರಬೇತಿ ಎಂದರೆ ಹೊಲಿಗೆ, ಮೇಣದಬತ್ತಿ ಎಂಬಲ್ಲಿಗೇ ನಿಂತರೆ ಕೈಗೆ ಬರುವ ಕಾಸಿನಲ್ಲಿ ತಿಂಗಳು ದಾಟುವುದಿಲ್ಲ. ಬೆಂಗಳೂರಿನಲ್ಲಿ ಜನಿಸಿದ ಸುನೀತಾ ಕೃಷ್ಣನ್ 1996ರಲ್ಲಿ ಹೈದರಾಬಾದ್‌ನಲ್ಲಿ ಕಟ್ಟಿದ 'ಪ್ರಜ್ವಲಾ' ಸಂಸ್ಥೆ ವೆಲ್ಡಿಂಗ್, ಮರಗೆಲಸವನ್ನೂ ಕಲಿಸಿದ್ದು ಗಮನ ಸೆಳೆದದ್ದು ಇದೇ ಕಾರಣಕ್ಕೆ. ಮೈಸೂರಿನಲ್ಲಿ ಸ್ಟ್ಯಾನ್ಲಿ ಮತ್ತು ಪರಶು ಹುಟ್ಟುಹಾಕಿದ 'ಒಡನಾಡಿ' ಸೇವಾ ಸಂಸ್ಥೆ ಹೆಣ್ಣುಮಕ್ಕಳನ್ನು ರಕ್ಷಿಸಿ, ಆಶ್ರಯ ನೀಡುತ್ತಾ ಬಂದಿದೆ.

ನೆರವಿಗೆ: ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ತುರ್ತು ಕರೆ 112, ಉಚಿತ ಕಾನೂನು ನೆರವು 15100.