ಬಚ್ಚಲಲ್ಲಿ ಬರೋ ಫಿಟ್ಸು

ನಮ್ಮ ಭದ್ರಾವತಿ ಓಲ್ಡ್ ಟೌನ್ ಕಡೆ ತಲೆಸ್ನಾನ ಅಂದ್ರೆ ಹಂಡೆ ತುಂಬ ಸುಡುಸುಡು ನೀರು, ಹರಳೆಣ್ಣೆ, ಸೀಗೇಪುಡಿ. ಮಕ್ಕಳನ್ನ ಕೂರಿಸಿ ನೆತ್ತಿ ಮೇಲೆ ಚೊಂಬಿನ ಮೇಲೆ ಚೊಂಬು ಹುಯ್ಯೋದು. ಹಾಗೆ ಹುಯ್ಯುವಾಗಲೇ ಕೆಲವು ಮಕ್ಕಳ ಕಣ್ಣು ನೆಟ್ಟಗಾಗಿ, ಮಾತು ತೊದಲಿ, ಕೈಕಾಲು ಸೆಟೆದುಕೊಳ್ಳುತ್ತಿತ್ತು. ಬಚ್ಚಲು ಬಿಟ್ಟು ಬೇರೆಲ್ಲೂ ಬರೋದಿಲ್ಲವಲ್ಲ, ಅದಕ್ಕೇ "ಬಚ್ಚಲಲ್ಲಿ ಗಾಳಿ ಸೋಕಿದೆ" ಅಂತ ತಾಯತ ಕಟ್ಟೋರು.

ಅದು ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಬಿಸಿನೀರಿನ ಮೂರ್ಛೆ ಅಂತಲೇ ಅದಕ್ಕೆ ಹೆಸರಿದೆ. 1945ರಲ್ಲಿ ನ್ಯೂಜಿಲೆಂಡಿನ ಅಲೆನ್ ಅನ್ನೋ ವೈದ್ಯರು ಒಬ್ಬ ಹುಡುಗನಲ್ಲಿ ಇದನ್ನ ಕಂಡು ಬರೆದರು. ಅಲ್ಲಿ ಅಪರೂಪದ್ದು, ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಜೊತೆಯವರು 1968ರಲ್ಲಿ ಮೊದಲ ವರದಿ ಬರೆದು, 1972ಕ್ಕೆ 60 ಜನರ ವಿವರ ಕೊಟ್ಟರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಸತೀಶ್ಚಂದ್ರ ಅವರ ತಂಡ 279 ಜನರದ್ದು ಬರೆಯಿತು. ಮಕ್ಕಳಿಗೇ ಜಾಸ್ತಿ, ಅದರಲ್ಲೂ ಗಂಡುಮಕ್ಕಳಿಗೆ. ಕೆಲವು ಮನೆತನಗಳಲ್ಲಿ ಒಬ್ಬರಿಗಿಂತ ಹೆಚ್ಚು ಜನಕ್ಕೆ ಇರುತ್ತೆ. 40ರಿಂದ 50 ಡಿಗ್ರಿ ಬಿಸಿಯ ನೀರು ಸರಸರ ನೆತ್ತಿಗೆ ಬಿದ್ದಾಗ, ಆ ಗುಣ ಇರೋ ಮಿದುಳು ತಡೆಯೋದಿಲ್ಲ. ವಿಚಿತ್ರ ಅಂದ್ರೆ, ಕೆಲವರಿಗೆ ಆಗ ಹಿತ ಅನ್ನಿಸಿ ಇನ್ನೂ ಹುಯ್ಕೋತಾರಂತೆ!

ನಮ್ಮ ವಠಾರದಲ್ಲಿ ಇಂಥದೇ ತೊಂದರೆ ಇದ್ದ ಹುಡುಗಿಯೊಬ್ಬಳಿಗೆ ಬಂದ ಸಂಬಂಧಗಳೆಲ್ಲ ಮುರಿದುಹೋದವು. ಜನರ ಬಾಯಿ ಒಂದೇ ಅಲ್ಲ, ಕಾನೂನೂ ಹಾಗೇ ಇತ್ತು. ಹಿಂದೂ ವಿವಾಹ ಕಾಯಿದೆಗೆ 1976ರಲ್ಲಿ ತಿದ್ದುಪಡಿ ಮಾಡಿದಾಗ, ಪದೇ ಪದೇ ಹುಚ್ಚು ಅಥವಾ ಮೂರ್ಛೆ ಬರೋರು ಮದುವೆಗೆ ಅರ್ಹರಲ್ಲ ಅಂತ ಬರೆದಿದ್ದರು. ಮೂರ್ಛೆ ಅನ್ನೋ ಪದ ತೆಗೆದಿದ್ದು 1999ರಲ್ಲಿ. ಅವಳ ಮದುವೆ ವಯಸ್ಸು ಅಷ್ಟರಲ್ಲಿ ದಾಟಿತ್ತು.

ನನ್ನ ತಂಗಿ ಮಗಳು ಈಗ ನರ್ಸಿಂಗ್ ಓದ್ತಿದಾಳೆ. ಅವಳಿಗೆ ನಾನು ಹೇಳೋದು ಇಷ್ಟೇ: ಫಿಟ್ಸು ಅಂತ ಮಗು ಕರ್ಕೊಂಡು ಬಂದ್ರೆ, ಸ್ನಾನದಲ್ಲಿ ಬಂತಾ, ನೀರು ಎಷ್ಟು ಬಿಸಿಯಿತ್ತು, ತಲೆಗೆ ಹುಯ್ದಿದ್ರಾ ಅಂತ ಕೇಳು ಕಣೇ. ಎಷ್ಟೋ ಜನಕ್ಕೆ ಉಗುರುಬೆಚ್ಚಗಿನ ನೀರು ನಿಧಾನಕ್ಕೆ ಹಾಕಿದ್ರೆ ಸಾಕು. ಆಗದಿದ್ರೆ ಸ್ನಾನಕ್ಕೆ ಒಂದೂವರೆ ಗಂಟೆ ಮುಂಚೆ ನುಂಗೋಕೆ ಡಾಕ್ಟರು ಕ್ಲೋಬಜಾಮ್ ಮಾತ್ರೆ ಬರೆದುಕೊಡ್ತಾರೆ. ಕೆಲವರಿಗೆ ಮುಂದೆ ನೀರಿಲ್ಲದೆಯೂ ಬರುತ್ತೆ, ಅವರು ದಿನಾ ಮಾತ್ರೆ ತಗೋಬೇಕು. ಬಂದಾಗ ಮಗ್ಗುಲಿಗೆ ಮಲಗಿಸಿ. ಕೈಗೆ ಕಬ್ಬಿಣ, ಬಾಯಿಗೆ ಚಮಚ ಬೇಡ. ಬಚ್ಚಲ ಚಿಲಕ ಒಳಗಿಂದ ಹಾಕೋಕೆ ಬಿಡಬೇಡಿ.