ಲೇಖನಿಯ ಹಿಡಿಕೆಯೂ ತುದಿಯೂ

ಚಿತ್ರಕಾರನ ಉಪಕರಣಗಳಲ್ಲಿ ಕುಂಚಕ್ಕಿಂತ ಸರಳವಾದುದು ಮತ್ತೊಂದಿಲ್ಲವೆಂದು ತೋರುವುದು ಸಹಜ. ಒಂದು ಕಡ್ಡಿ, ಅದರ ತುದಿಯಲ್ಲಿ ರೋಮಗಳ ಒಂದು ಗುಚ್ಛ. ಇಷ್ಟೇ ಅದರ ಸ್ವರೂಪ. ಆದರೆ ಈ ಎರಡು ಅವಯವಗಳ ಆಯುಸ್ಸು ಸಮಾನವಾದುದಲ್ಲ. ಕಡ್ಡಿಯು ವರ್ಷಗಟ್ಟಲೆ ಬಾಳಿ, ಬೆರಳುಗಳ ಒತ್ತಡದಿಂದ ನಯವಾಗಿ, ಒಡೆಯನ ಕೈಗೆ ದಿನದಿನಕ್ಕೂ ಹೆಚ್ಚು ಒಗ್ಗುತ್ತ ಬರುವುದು. ರೋಮವಾದರೋ ಬಣ್ಣವನ್ನುಂಡು, ಗೋಡೆಯನ್ನೋ ಹಲಗೆಯನ್ನೋ ಉಜ್ಜಿ, ಕೆಲವೇ ತಿಂಗಳಲ್ಲಿ ಸವೆದುಹೋಗುವುದು. ಇದಲ್ಲದೆ ಕೈಗೆ ಬೇಕಾದ ಗಾತ್ರವು ಸದಾ ಒಂದೇ ಆಗಿದ್ದರೂ ಚಿತ್ರಕ್ಕೆ ಬೇಕಾದ ಗಾತ್ರವು ಕ್ಷಣಕ್ಷಣಕ್ಕೂ ಬದಲಾಗುವುದು. ಆಕಾಶವನ್ನು ತುಂಬಲು ಒಂದು, ಕಣ್ಣರೆಪ್ಪೆಯನ್ನು ಬರೆಯಲು ಇನ್ನೊಂದು.

ಇದರಿಂದ ಎರಡು ಪ್ರಶ್ನೆಗಳು ಹುಟ್ಟುವುವು. ಸವೆದ ತುದಿಯನ್ನು ತೆಗೆದು ಅದೇ ಹಿಡಿಕೆಗೆ ಹೊಸ ತುದಿಯನ್ನು ಕೂಡಿಸಬಹುದೆ? ಒಂದೇ ಹಿಡಿಕೆಗೆ ಸ್ಥೂಲ, ಮಧ್ಯಮ, ಸೂಕ್ಷ್ಮ ತುದಿಗಳನ್ನು ಕಾರ್ಯಾನುಸಾರವಾಗಿ ಬದಲಿಸುತ್ತ ಹೋಗಬಹುದೆ? ಮೊದಲನೆಯದನ್ನು ಜೀರ್ಣೋದ್ಧಾರವೆಂದೂ ಎರಡನೆಯದನ್ನು ವಿನಿಮಯವೆಂದೂ ಕರೆಯಬಹುದು. ಇವೆರಡೂ ಒಂದೇ ಎಂದು ಮೇಲುನೋಟಕ್ಕೆ ಕಂಡರೂ, ಮೊದಲನೆಯದು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಸಿದ್ಧಿಸಿತು. ಎರಡನೆಯದಕ್ಕೆ ಹತ್ತೊಂಬತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ಈ ಅಂತರಕ್ಕೆ ಕಾರಣವೇನೆಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

ಕನ್ನಡನಾಡಿನ ವಾಚಕರಿಗೆ ಮೊದಲು ನೆನಪಾಗತಕ್ಕವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು. ಆರನೆಯ ವಿಕ್ರಮಾದಿತ್ಯನ ಮಗನಾದ ಈತನು ಕ್ರಿ.ಶ. ೧೧೨೬ರ ಸುಮಾರಿನಿಂದ ೧೧೩೮ರವರೆಗೆ ಆಳಿದನು. ಐದು ವಿಂಶತಿಗಳಾಗಿ, ನೂರು ಅಧ್ಯಾಯಗಳಾಗಿ ವಿಂಗಡಿಸಲ್ಪಟ್ಟ ಈತನ ‘ಮಾನಸೋಲ್ಲಾಸ’ವು ‘ಅಭಿಲಷಿತಾರ್ಥಚಿಂತಾಮಣಿ’ಯೆಂಬ ಹೆಸರಿನಿಂದಲೂ ಪ್ರಸಿದ್ಧವಾಗಿದೆ. ರಾಜನೀತಿಯಿಂದ ಹಿಡಿದು ಅಡಿಗೆಯವರೆಗೆ ಏನೆಲ್ಲವನ್ನೋ ಹೇಳುವ ಈ ಗ್ರಂಥವು ಚಿತ್ರಪ್ರಕರಣದಲ್ಲಿ ಉಪಕರಣಗಳನ್ನೂ ಮರೆತಿಲ್ಲ. ಕಾಡಿಗೆಯನ್ನು ಅನ್ನದೊಡನೆ ಅರೆದು ಬತ್ತಿಯಂತೆ ಹೊಸೆದು ಮಾಡುವ ವರ್ತಿಕೆಯು ಮೊದಲ ಕರಡುರೇಖೆಗೆ. ಬಿದಿರಿನ ನಳಿಗೆಯ ತುದಿಗೆ ಜವೆಯ ಪ್ರಮಾಣದ ತಾಮ್ರದ ಶಂಕುವನ್ನು ಕೂಡಿಸಿದ ಸಾಧನವು ಮತ್ತೊಂದು. ಎಳೆಗರುವಿನ ಕಿವಿಯ ರೋಮಗಳನ್ನು ಅರಗಿನಿಂದ ಕಡ್ಡಿಯ ತುದಿಗೆ ಬಂಧಿಸಿದುದು ಲೇಖನಿ. ಈ ಲೇಖನಿಯು ಸ್ಥೂಲ, ಮಧ್ಯಮ, ಸೂಕ್ಷ್ಮವೆಂದು ಮೂರು ಬಗೆ. ಸ್ಥೂಲದಿಂದ ಲೇಪನ, ಮಧ್ಯಮದಿಂದ ಅಂಕನ, ಸೂಕ್ಷ್ಮದ ತುದಿಯಿಂದ ರೇಖೆ.

ಒಬ್ಬ ಚಕ್ರವರ್ತಿಯು ಕರುವಿನ ಕಿವಿಯ ಕೂದಲಿನ ವಿಷಯವನ್ನೂ ಜವೆಯಷ್ಟು ತಾಮ್ರದ ವಿಷಯವನ್ನೂ ಗ್ರಂಥಸ್ಥಗೊಳಿಸಿದುದು ಸಾಮಾನ್ಯವಾದ ಸಂಗತಿಯಲ್ಲ. ಇಲ್ಲಿ ಗಮನಿಸತಕ್ಕುದು ಅರಗು. ಅರಗು ಕಾಸಿದರೆ ಮೆತ್ತಗಾಗಿ, ಆರಿದರೆ ಗಟ್ಟಿಯಾಗುವ ವಸ್ತು. ಬಳೆಗಾರನೂ ಅಕ್ಕಸಾಲಿಗನೂ ಅದನ್ನು ಆಶ್ರಯಿಸುವುದು ಈ ಗುಣದಿಂದಲೇ. ಅರಗಿನಿಂದ ಕಟ್ಟಿದ ಗುಚ್ಛವು ಸವೆದಾಗ ಅದನ್ನು ಬಿಸಿಯಿಂದ ಸಡಲಿಸಿ ಹೊಸದನ್ನು ಕೂಡಿಸುವುದಕ್ಕೆ ಅಡ್ಡಿಯಿಲ್ಲ. ಆದರೆ ಕೆಲಸದ ನಡುವೆ ಸ್ಥೂಲವನ್ನು ಕಿತ್ತು ಸೂಕ್ಷ್ಮವನ್ನು ಇಡುವುದು ಸಾಧ್ಯವಲ್ಲ. ಅಂದರೆ ಅರಗು ಜೀರ್ಣೋದ್ಧಾರಕ್ಕೆ ಒಪ್ಪುವುದೇ ಹೊರತು ವಿನಿಮಯಕ್ಕೆ ಒಪ್ಪುವುದಿಲ್ಲ.

ಹಾಗಾದರೆ ಗಾತ್ರಭೇದದ ತೊಡಕನ್ನು ಭಾರತೀಯ ಚಿತ್ರಕಾರರು ಹೇಗೆ ಪರಿಹರಿಸಿದರು? ಹಿಡಿಕೆಗಳನ್ನೇ ಹೆಚ್ಚಿಸಿ. ಹದಿನಾರನೆಯ ಶತಮಾನದಲ್ಲಿ ಕೇರಳದ ಶ್ರೀಕುಮಾರನು ರಚಿಸಿದ ‘ಶಿಲ್ಪರತ್ನ’ವು ದೊಡ್ಡ ಲೇಖನಿಗೆ ಕರುವಿನ ಕಿವಿಯ ರೋಮ, ನಡುವಣದಕ್ಕೆ ಆಡಿನ ಹೊಟ್ಟೆಯ ರೋಮ, ಸಣ್ಣದಕ್ಕೆ ಚಿಕ್ರೋಡವೆಂಬ ಪುಟ್ಟ ಪ್ರಾಣಿಯ ಬಾಲದ ರೋಮ ಎಂದು ಬೇರೆಬೇರೆಯಾಗಿ ವಿಧಿಸಿ, ಒಂದೊಂದು ವರ್ಣಕ್ಕೂ ಒಂಬತ್ತು ಲೇಖನಿಗಳು ಬೇಕೆನ್ನುವುದು. ಮೂಲವರ್ಣಗಳು ಐದೆಂದು ಹಿಡಿದರೂ ನಲವತ್ತೈದು ಲೇಖನಿಗಳಾದುವು! ಇದು ದುಂದುಗಾರಿಕೆಯೆಂದು ತೋರಬಹುದು. ಆದರೆ ಅದರಲ್ಲಿ ವಿವೇಕವುಂಟು. ಹಳದಿಯಲ್ಲಿ ಅದ್ದಿದ ರೋಮವನ್ನು ಎಷ್ಟು ತೊಳೆದರೂ ಬುಡದಲ್ಲಿ ಹಳದಿಯ ಲೇಶ ಉಳಿದು ಬಿಳುಪನ್ನು ಕೆಡಿಸುವುದು. ಚಿತ್ರಕಾರನು ಕೈ ನೀಡಿದರೆ ಬೇಕಾದ ಲೇಖನಿಯು ಸಿದ್ಧವಾಗಿರಬೇಕು. ತುದಿ ಬದಲಿಸುವುದರಲ್ಲಿ ಮನಸ್ಸಿನ ಏಕಾಗ್ರತೆ ಚದುರಬಾರದು. ಬಿದಿರಾದರೋ ಹಿತ್ತಲಲ್ಲೇ ಬೆಳೆಯುವ ವಸ್ತು. ಹಿಡಿಕೆಯು ಅಗ್ಗವಾದಲ್ಲಿ ಅದನ್ನು ಉಳಿಸುವ ಯೋಚನೆಗೆ ಅವಕಾಶವೆಲ್ಲಿ?

ಹಿಡಿಕೆಯನ್ನು ಉಳಿಸಬೇಕೆಂಬ ಯೋಚನೆಯು ಸ್ಪಷ್ಟರೂಪದಲ್ಲಿ ಕಾಣುವುದು ಚೀನಾ ದೇಶದಲ್ಲಿ. ಅಲ್ಲಿ ಕುಂಚವು ಚಿತ್ರಕಾರನೊಬ್ಬನ ಸ್ವತ್ತಾಗಿರದೆ ಅಕ್ಷರ ಬಲ್ಲ ಪ್ರತಿಯೊಬ್ಬನ ಲೇಖನಿಯೂ ಆಗಿತ್ತು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಸೇನಾಪತಿ ಮೆಂಗ್ ತಿಯೆನ್ ಎಂಬಾತನೇ ಅದನ್ನು ನಿರ್ಮಿಸಿದನೆಂದು ಐತಿಹ್ಯವಿದ್ದರೂ, ೧೯೫೪ರಲ್ಲಿ ಚಾಂಗ್‌ಷಾ ನಗರದ ಬಳಿಯ ಸಮಾಧಿಯೊಂದರಲ್ಲಿ ಅವನಿಗಿಂತಲೂ ಹಳೆಯ ಕುಂಚವು ದೊರೆತು ಆ ಕಥೆಯನ್ನು ಅಲ್ಲಗಳೆಯಿತು. ಆ ಕುಂಚದಲ್ಲಿ ರೋಮಗಳನ್ನು ಬಿದಿರುಕಡ್ಡಿಯ ತುದಿಗೆ ಸೇರಿಸಿ ಸಣ್ಣ ರೇಷ್ಮೆಯ ದಾರದಿಂದ ಬಿಗಿದು ಮೇಲೆ ಮೆರುಗೆಣ್ಣೆಯನ್ನು ಬಳಿದಿದ್ದರು. ೧೯೭೫ರಲ್ಲಿ ಯುನ್‌ಮೆಂಗ್ ಎಂಬಲ್ಲಿ ಚಿನ್ ರಾಜ್ಯದ ಅಧಿಕಾರಿಯೊಬ್ಬನ ಸಮಾಧಿಯಲ್ಲಿ ಸಿಕ್ಕಿದ ಕುಂಚಗಳಲ್ಲಿ ಕ್ರಮವು ಬೇರೆ: ಕಡ್ಡಿಯ ತುದಿಯನ್ನು ಟೊಳ್ಳುಮಾಡಿ ಗುಚ್ಛವನ್ನು ಅದರೊಳಗೆ ನಾಟಿದ್ದರು. ಹೊರಗೆ ಕಟ್ಟುವುದರಿಂದ ಒಳಗೆ ನಾಟುವುದಕ್ಕೆ ಬಂದುದು ಸಣ್ಣ ಬದಲಾವಣೆಯಲ್ಲ. ಹೊರಗೆ ಕಟ್ಟಿದ ಗುಚ್ಛಕ್ಕೆ ಕಡ್ಡಿಯ ಸುತ್ತಳತೆಯೇ ಪ್ರಮಾಣ. ಒಳಗೆ ನಾಟಿದ ಗುಚ್ಛವಾದರೋ ತಾನೇ ಒಂದು ಪ್ರತ್ಯೇಕ ವಸ್ತು. ಅದಕ್ಕೊಂದು ಮನೆ, ಆ ಮನೆಗೊಂದು ಬಾಗಿಲು ಉಂಟಾಯಿತು.

ಆ ಬಾಗಿಲನ್ನು ತೆರೆಯುವ ಉಪಾಯವು ಹಾನ್ ರಾಜವಂಶದ ಕಾಲದ ಮತ್ತೊಂದು ಕುಂಚದಲ್ಲಿ ಕಾಣುವುದು. ಸ್ವೆನ್ ಹೆಡಿನ್ನನ ನಾಯಕತ್ವದ ಚೀನಾ-ಸ್ವೀಡನ್ ಸಂಶೋಧಕಮಂಡಲಿಯ ಫೋಲ್ಕೆ ಬರ್ಗ್‌ಮನ್ ಎಂಬ ವಿದ್ವಾಂಸನು ೧೯೩೦-೩೧ರಲ್ಲಿ ಗೋಬಿ ಮರುಭೂಮಿಯ ಅಂಚಿನ ಜುಯಾನ್ ಪ್ರದೇಶದ ಹಾಳು ಠಾಣ್ಯಗಳಲ್ಲಿ ಶೋಧಿಸುತ್ತಿರುವಾಗ ಅದು ದೊರೆಯಿತು. ಸುಮಾರು ೨೩ ಸೆಂಟಿಮೀಟರು ಉದ್ದದ ಈ ಕುಂಚದ ಮರದ ಹಿಡಿಕೆಯು ನಾಲ್ಕು ಸೀಳುಗಳಾಗಿದ್ದು, ಆ ಸೀಳುಗಳ ನಡುವೆ ರೋಮದ ತುದಿಯನ್ನಿಟ್ಟು ನಾರಿನ ದಾರದಿಂದ ಸುತ್ತಿ ಬಿಗಿಯಲಾಗಿದೆ. ದಾರವನ್ನು ಬಿಚ್ಚಿದರೆ ಸೀಳುಗಳು ಸಡಲಿ ಹಳೆಯ ತುದಿಯು ಹೊರಬರುವುದು. ಹೊಸದನ್ನಿಟ್ಟು ಮತ್ತೆ ಸುತ್ತಿದರೆ ಕುಂಚವು ಹೊಸದಾಗುವುದು. ರಾಜಧಾನಿಯಿಂದ ಬಹುದೂರದ ಗಡಿಯಲ್ಲಿ, ಧಾನ್ಯದ ಲೆಕ್ಕವನ್ನೂ ಕಾವಲಿನ ವರದಿಯನ್ನೂ ಮರದ ಪಟ್ಟಿಗಳ ಮೇಲೆ ದಿನವೂ ಬರೆಯಬೇಕಾದ ಲಿಪಿಕಾರನಿಗೆ ಇಂತಹ ಹಿಡಿಕೆಯು ಎಷ್ಟು ಉಪಕಾರಿಯಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು. ಇಂದು ಬೈರಿಗೆ ಯಂತ್ರದ ಬಾಯಿಯು ದವಡೆಗಳನ್ನು ಬಿಗಿದು ಅಲಗನ್ನು ಹಿಡಿಯುವ ತತ್ತ್ವವೂ ಇದೇ.

ತುದಿ ಬೇರೆ, ಹಿಡಿಕೆ ಬೇರೆ ಎಂಬ ಭಾವನೆಯು ಚೀನಾದಲ್ಲಿ ಎಷ್ಟು ರೂಢವಾಗಿತ್ತೆಂಬುದಕ್ಕೆ ಆರನೆಯ ಶತಮಾನದ ಉತ್ತರಾರ್ಧದಲ್ಲಿ ಪ್ರಸಿದ್ಧನಾದ ಝಿಯೊಂಗ್ ಎಂಬ ಬೌದ್ಧ ಭಿಕ್ಷುವಿನ ವಿಷಯವಾದ ಐತಿಹ್ಯವು ನಿದರ್ಶನ. ಮಹಾಲಿಪಿಕಾರ ವಾಂಗ್ ಷೀಝಿಯ ವಂಶಜನಾದ ಈತನು ಅಕ್ಷರಾಭ್ಯಾಸದಲ್ಲಿ ವರ್ಷಗಳನ್ನೇ ಕಳೆದು, ಸವೆದ ಕುಂಚತುದಿಗಳನ್ನು ದೊಡ್ಡ ಬಿದಿರುಬುಟ್ಟಿಗಳಲ್ಲಿ ಶೇಖರಿಸುತ್ತ ಹೋದನಂತೆ. ಬುಟ್ಟಿಗಳು ಐದು ತುಂಬಲು, ಅವುಗಳನ್ನು ಹೂಳಿ ಸಮಾಧಿಯನ್ನು ಕಟ್ಟಿಸಿದನಂತೆ. ಬುಟ್ಟಿಗೆ ಬಿದ್ದುದು ತುದಿಗಳು ಮಾತ್ರ, ಕುಂಚಗಳಲ್ಲ. ಪರಿಶ್ರಮದ ಸಾಕ್ಷಿಯು ಸವೆದ ತುದಿ. ಪರಿಶ್ರಮದ ಫಲವನ್ನು ಅರಿತಿದ್ದುದು ಹಿಡಿಕೆಯನ್ನು ಹಿಡಿದ ಕೈ.

ಇನ್ನು ಯೂರೋಪು ಖಂಡದ ಕ್ರಮ. ೧೪೦೦ರ ಸುಮಾರಿನಲ್ಲಿ ಇಟಲಿಯ ಚಿತ್ರಕಾರ ಚೆನ್ನಿನೋ ಚೆನ್ನಿನಿಯು ತನ್ನ ಶಿಲ್ಪಗ್ರಂಥದಲ್ಲಿ ಕುಂಚ ಕಟ್ಟುವ ವಿಧಾನವನ್ನು ಶಿಷ್ಯನಿಗೆ ಪಾಠ ಹೇಳುವಂತೆ ವಿವರಿಸಿದ್ದಾನೆ. ಅಳಿಲಿನ ಬಾಲದ ರೋಮಗಳನ್ನು ಆಯ್ದು, ಸಮವಾಗಿ ಜೋಡಿಸಿ, ದಾರದಿಂದ ಕಟ್ಟಿ, ಹಕ್ಕಿಯ ಗರಿಯ ಕೊಳವೆಯೊಳಗೆ ಸೇರಿಸಿ ಮುಂದಕ್ಕೆ ಎಳೆಯಬೇಕು. ಬಳಿಕ ಗಟ್ಟಿಮರದ ಗೇಣುದ್ದದ ಕಡ್ಡಿಯನ್ನು ಕದಿರಿನಂತೆ ಚೂಪಾಗಿ ಹೆರೆದು ಅದೇ ಕೊಳವೆಯ ಹಿಂಬದಿಗೆ ಒತ್ತಿ ಕೂಡಿಸಬೇಕು. ದೊಡ್ಡ ಕುಂಚಕ್ಕೆ ರಣಹದ್ದಿನ ಗರಿ, ಅನಂತರ ಬಾತಿನ ಗರಿ, ಸಣ್ಣದಕ್ಕೆ ಕೋಳಿಯ ಅಥವಾ ಪಾರಿವಾಳದ ಗರಿ. ಹೀಗೆ ಪಕ್ಷಿಯ ಗಾತ್ರವೇ ಕುಂಚದ ಗಾತ್ರವಾಯಿತು. ಇಂಗ್ಲೆಂಡಿನ ವ್ಯಾಪಾರಿಗಳು ಮುಂದೆ ಬಹುಕಾಲ ಕುಂಚಗಳನ್ನು ಕಾಗೆ, ಬಾತು, ಹಂಸ ಎಂಬ ಹೆಸರುಗಳಿಂದಲೇ ಮಾರುತ್ತಿದ್ದರು. ಕೊಂಡವನು ಗರಿಯ ತುದಿಯನ್ನು ಮಾತ್ರ ಕೊಂಡು ಕಡ್ಡಿಯನ್ನು ತಾನೇ ಸಿಕ್ಕಿಸಿಕೊಳ್ಳುವುದೂ ಉಂಟು.

ಇಲ್ಲಿ ವಿನಿಮಯವು ಕೈಗೆ ಸಿಕ್ಕಿತೆಂದೇ ತೋರುವುದು. ಆದರೂ ಪೂರ್ಣವಾಗಿ ಸಿಕ್ಕಲಿಲ್ಲ. ಕಾಗೆಯ ಗರಿಯ ರಂಧ್ರವು ಕಾಗೆಯ ಅಳತೆ, ಹಂಸದ ಗರಿಯ ರಂಧ್ರವು ಹಂಸದ ಅಳತೆ. ಹಂಸಕ್ಕೆ ಹೆರೆದ ಕಡ್ಡಿಯು ಕಾಗೆಗೆ ಹೊಗುವುದಿಲ್ಲ. ಎರಡು ಹಂಸಗಳ ಗರಿಗಳೂ ಒಂದೇ ಸಮವಾಗಿರುವುವೆಂಬ ಭರವಸೆಯಿಲ್ಲ. ಮುಂದಿನ ಗಾತ್ರವು ಬೇರೆಬೇರೆಯಾಗಿದ್ದು ಹಿಂದಿನ ಗಾತ್ರವು ಒಂದೇ ಆಗಿರಬೇಕೆಂಬುದೇ ವಿನಿಮಯದ ಮೂಲಸೂತ್ರ. ವ್ಯಾಕರಣದಲ್ಲಿ ಒಂದೇ ಪ್ರಕೃತಿಗೆ ಹಲವು ಪ್ರತ್ಯಯಗಳು ಹತ್ತುವುದು ಸಂಧಿನಿಯಮವು ಸ್ಥಿರವಾಗಿರುವುದರಿಂದಲಷ್ಟೆ. ಪ್ರಕೃತಿ ನಿರ್ಮಿಸಿದ ಗರಿಯಲ್ಲಿ ಅಂತಹ ನಿಯಮವನ್ನು ಹುಡುಕುವುದು ವ್ಯರ್ಥ.

ಹತ್ತೊಂಬತ್ತನೆಯ ಶತಮಾನದಲ್ಲಿ ತೆಳುವಾದ ಲೋಹದ ಕೊಳವೆಯು ಗರಿಯ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿತು. ಅದರಿಂದಾದ ಲಾಭವು ದೊಡ್ಡದು: ಗರಿಯು ಗುಂಡಾದ ಕುಂಚವನ್ನು ಮಾತ್ರ ಕೊಡಬಲ್ಲುದಾಗಿತ್ತು; ಲೋಹವನ್ನಾದರೋ ಅದುಮಿ ಚಪ್ಪಟೆ ಕುಂಚವನ್ನೂ ಮಾಡಬಹುದಾಯಿತು. ಆದರೆ ಲೋಹದ ಕೊಳವೆಯನ್ನು ಹಿಡಿಕೆಗೆ ಅಂಟಿನಿಂದಲೂ ಒತ್ತಿನಿಂದಲೂ ಶಾಶ್ವತವಾಗಿ ಬಿಗಿದುಬಿಟ್ಟರು. ರೋಮವು ಸವೆದರೆ ಹಿಡಿಕೆಯನ್ನೂ ಬಿಸುಡಬೇಕು. ಹೀಗೆ ಹಾನ್ ಕಾಲದ ಗಡಿಠಾಣ್ಯದ ಲಿಪಿಕಾರನಿಗೆ ಸುಲಭವಾಗಿದ್ದ ಜೀರ್ಣೋದ್ಧಾರವು ಕಾರ್ಖಾನೆಯ ಯುಗದ ಚಿತ್ರಕಾರನಿಗೆ ತಪ್ಪಿಹೋಯಿತು.

ವಿನಿಮಯವು ಸಿದ್ಧಿಸಿದುದು ಕುಂಚದಲ್ಲಲ್ಲ, ಅದರ ಸೋದರನಾದ ಮಸಿಯ ಲೇಖನಿಯಲ್ಲಿ. ಬೀಗಗಳಿಗೂ ನೀರೊತ್ತು ಯಂತ್ರಕ್ಕೂ ಹೆಸರಾದ ಜೋಸೆಫ್ ಬ್ರಾಮಾ ಎಂಬ ಆಂಗ್ಲ ಶಿಲ್ಪಿಯು ೧೮೦೯ರಲ್ಲಿ ಒಂದು ಗರಿಯನ್ನು ಹಲವು ಚಿಕ್ಕ ತುದಿಗಳಾಗಿ ಕತ್ತರಿಸುವ ಯಂತ್ರಕ್ಕೂ, ಆ ತುದಿಗಳನ್ನು ಹಿಡಿಯುವ ಹಿಡಿಕೆಗೂ ಸನ್ನದನ್ನು ಪಡೆದನು. ಮುಂದೆ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಜಾನ್ ಮಿಚೆಲ್, ಜೋಸಾಯಾ ಮೇಸನ್, ೧೮೩೧ರಲ್ಲಿ ಸನ್ನದು ಪಡೆದ ಜೋಸೆಫ್ ಗಿಲಟ್ ಮೊದಲಾದವರು ಉಕ್ಕಿನ ತಗಡಿನಿಂದ ಟಾಕುಗಳನ್ನು ಅಚ್ಚೊತ್ತಿ ತೆಗೆಯುವ ಉದ್ಯಮವನ್ನು ಬೆಳೆಸಿದರು. ಆ ಒತ್ತುಯಂತ್ರಗಳ ಮುಂದೆ ದುಡಿದವರಲ್ಲಿ ಹೆಚ್ಚಿನವರು ಹೆಂಗಸರು. ಅವರ ಕೈಯಿಂದ ಹೊರಬಿದ್ದ ಟಾಕುಗಳ ಮೊನೆಯು ನೂರು ಬಗೆಯಾದರೂ, ಹಿಡಿಕೆಯೊಳಗೆ ಸೇರುವ ಬುಡದ ಬಾಗು ಬಹುತೇಕ ಒಂದೇ ಆಗಿತ್ತು. ಲೆಕ್ಕಪತ್ರಕ್ಕೆ ದಪ್ಪ ಮೊನೆ, ನಕ್ಷೆಗೆ ಸೂಜಿಮೊನೆ, ಹಿಡಿಕೆ ಅದೇ. ಕಾಗೆಗರಿಯ ಹೆಸರನ್ನೇ ಇಟ್ಟ ಅತಿಸಣ್ಣ ಟಾಕು ಮಾತ್ರ ತನ್ನದೇ ಆದ ಪುಟ್ಟ ಹಿಡಿಕೆಯನ್ನು ಬಯಸಿ ಹಳೆಯ ನೆನಪನ್ನು ಉಳಿಸಿಕೊಂಡಿತು. ಭಾರತದ ಪಾಠಶಾಲೆಗಳಿಗೂ ಕಚೇರಿಗಳಿಗೂ ಈ ಹಿಡಿಕೆಯು ಬಂದು, ಚೂರಿಯಿಂದ ಲೆಕ್ಕಣಿಕೆಯನ್ನು ಕೆತ್ತಿಕೊಳ್ಳುವ ವಿದ್ಯೆಯನ್ನು ಮೆಲ್ಲಮೆಲ್ಲನೆ ಮರೆಯಿಸಿತು.

ಈ ವೃತ್ತಾಂತದಿಂದ ತಿಳಿಯತಕ್ಕುದು ಇಷ್ಟು. ಹಲವು ತುದಿಗಳ ಒಂದು ಹಿಡಿಕೆಯು ಬುದ್ಧಿಚಾತುರ್ಯದ ಕೊರತೆಯಿಂದ ತಡವಾದುದಲ್ಲ. ಸೀಳಿ ಹಿಡಿಯುವ ಯುಕ್ತಿಯನ್ನು ಹಾನ್ ಕಾಲದ ಬಡಗಿಯೂ, ಒತ್ತಿ ಕೂಡಿಸುವ ಯುಕ್ತಿಯನ್ನು ಚೆನ್ನಿನಿಯೂ ಬಲ್ಲವರಾಗಿದ್ದರು. ಇಲ್ಲದಿದ್ದುದು ಏಕಪ್ರಮಾಣ. ಒಬ್ಬನ ಕೈಗೆಲಸದಲ್ಲಿ ಒಂದು ತುದಿಗೆ ಒಂದು ಹಿಡಿಕೆಯನ್ನು ಹೊಂದಿಸುವುದು ಸುಲಭ; ಸಾವಿರ ತುದಿಗಳನ್ನು ಒಂದೇ ಹಿಡಿಕೆಗೆ ಹೊಂದುವಂತೆ ಮಾಡುವುದು ಕೈಯ ಶಕ್ತಿಯನ್ನು ಮೀರಿದುದು. ಅದಕ್ಕೆ ಯಂತ್ರವೇ ಬೇಕಾಯಿತು.

ಆದರೂ ಯಂತ್ರವು ಕೊಟ್ಟುದನ್ನೆಲ್ಲ ಚಿತ್ರಕಾರನು ಬಯಸಿದನೆಂದು ಹೇಳಲಾಗದು. ಮೈಸೂರಿನ ಸಂಪ್ರದಾಯದ ಚಿತ್ರಕಾರರು ಅಳಿಲಿನ ರೋಮದ ಸೂಕ್ಷ್ಮ ಕುಂಚಗಳನ್ನು ಕಟ್ಟಿಕೊಂಡು ಒಂದೊಂದನ್ನೂ ಅದರದರ ಕೆಲಸಕ್ಕೇ ಮೀಸಲಿಡುತ್ತಿದ್ದುದು ಅಜ್ಞಾನದಿಂದಲ್ಲ. ಒಂದೇ ಬಗೆಯ ಕೆಲಸವು ದೀರ್ಘಕಾಲ ನಡೆಯುವಲ್ಲಿ, ಹಿಡಿಕೆಯು ದುರ್ಲಭವಾದಲ್ಲಿ, ಬದಲಿಸುವ ತುದಿಯು ಶ್ರೇಷ್ಠ. ಗಳಿಗೆಗೊಂದು ವರ್ಣ, ಗಳಿಗೆಗೊಂದು ಗಾತ್ರ ಬೇಕಾಗುವಲ್ಲಿ ಸೋಮೇಶ್ವರನು ಹೇಳಿದ ಮೂರು ಲೇಖನಿಗಳೇ ಶ್ರೇಷ್ಠ. ಹೊಸ ಹಿಡಿಕೆಯೊಂದನ್ನು ಕಲ್ಪಿಸಹೊರಟ ಶಿಲ್ಪಿಯು ತುದಿಗಳನ್ನು ಎಣಿಸುವುದಕ್ಕೆ ಮೊದಲು, ಅದನ್ನು ಹಿಡಿಯುವವನು ದಿನಕ್ಕೆ ಎಷ್ಟು ಸಲ ಅದನ್ನು ಬದಲಿಸಬೇಕಾಗುವುದೆಂದು ಕೇಳಿಕೊಳ್ಳುವುದು ಯುಕ್ತ.